ಕರೆದವರಿಗಷ್ಟೇ ಸದಸ್ಯತ್ವ, ಕರೆದರೂ ಹೋಗದ ನಾವು

ಕಳೆದ ಚಳಿಗಾಲ ಅಂಗಳದಲ್ಲಿ ಅಡಿಕೆ ಮಗುಚುತ್ತಿದ್ದಾಗ ನೆರೆಯವರೊಬ್ಬರು ಬಂದರು. ಕೈಯಲ್ಲಿ ಮೊಬೈಲು. "ಇದು ನೋಡಿ ಮಾರಾಯ್ರೆ, ಟ್ರೈಲ್ಯಾಟರಲ್ ಕಮಿಷನ್ ಅಂತ ಒಂದು ಉಂಟಂತೆ. ಪ್ರಪಂಚ ನಡೆಸುವುದೇ ಅವರಂತೆ. ನಮ್ಮ ಅಡಿಕೆಯ ರೇಟು ಕೂಡ ಅಲ್ಲೇ ತೀರ್ಮಾನ ಆಗುವುದಂತೆ" ಅಂದರು. ಯಾರೋ ಕಳಿಸಿದ ಸಂದೇಶ. ಅವರಿಗೆ ಕಳಿಸಿದವರಿಗೆ ಇನ್ಯಾರೋ ಕಳಿಸಿರಬೇಕು.

ಅಷ್ಟು ದೊಡ್ಡವರು ನಮ್ಮ ಚಾಲಿ ಅಡಿಕೆಯ ಬಗ್ಗೆ ತಲೆಬಿಸಿ ಮಾಡಿಕೊಂಡಾರೆಂದು ನನಗೆ ಅನಿಸಲಿಲ್ಲ. ಆದರೆ ಮಾತು ತಲೆಯಲ್ಲಿ ಉಳಿಯಿತು. ರಾತ್ರಿ ಮಗಳ ಸಹಾಯದಿಂದ ಹುಡುಕಿ, ಸಿಕ್ಕಿದ್ದನ್ನೆಲ್ಲ ಓದಿದೆ. ಸಂದೇಶದಲ್ಲಿದ್ದ ಭಯಕ್ಕಿಂತ ಬೇರೆಯೇ ಒಂದು ವಿಚಾರ ನನ್ನನ್ನು ಹಿಡಿದುಕೊಂಡಿತು. ಅದನ್ನು ಹೇಳಲಿಕ್ಕೆ ಈ ಬರಹ.

ಟ್ರೈಲ್ಯಾಟರಲ್ ಎಂದರೆ ಮೂರು ಬದಿಯ ಎಂದರ್ಥ. ಅಮೆರಿಕ-ಕೆನಡಾ ಒಂದು ಬದಿ, ಪಶ್ಚಿಮ ಯುರೋಪ್ ಇನ್ನೊಂದು, ಜಪಾನ್ ಮೂರನೆಯದು. ಈ ಮೂರೂ ಕಡೆಯ ದೊಡ್ಡ ಉದ್ಯಮಿಗಳು, ಬ್ಯಾಂಕಿನವರು, ರಾಜಕಾರಣಿಗಳು, ವಿದ್ವಾಂಸರು, ಪತ್ರಿಕೆಯವರು ವರ್ಷಕ್ಕೊಮ್ಮೆಯಾದರೂ ಒಟ್ಟು ಕೂತು ಪ್ರಪಂಚದ ವ್ಯವಹಾರ ಮಾತಾಡಬೇಕೆಂದು ಇದನ್ನು ಕಟ್ಟಿದ್ದು ಅಮೆರಿಕದ ಬ್ಯಾಂಕರ್ ಡೇವಿಡ್ ರಾಕ್‌ಫೆಲ್ಲರ್. ಮೊದಲ ನಿರ್ದೇಶಕ ಜ್ಬಿಗ್ನ್ಯೂ ಬ್ರೆಜಿನ್ಸ್ಕಿ ಎಂಬ ಪ್ರೊಫೆಸರ್. ಕೆಲವು ಕಾರ್ಮಿಕ ಸಂಘದ ನಾಯಕರೂ ಅಲ್ಲಿದ್ದರು. ಆಮೇಲೆ ಜಪಾನಿನ ಗುಂಪು ಏಷ್ಯಾ ಪೆಸಿಫಿಕ್ ಗುಂಪಾಗಿ ಬೆಳೆಯಿತು. ಅದರಲ್ಲಿ ಭಾರತದವರೂ ಸೇರಿದರು.

ಇಲ್ಲಿಗೆ ಅರ್ಜಿ ಹಾಕಿ ಸೇರುವ ಕ್ರಮ ಇಲ್ಲ. ಇದ್ದವರು ಹೆಸರು ಸೂಚಿಸಬೇಕು, ಕರೆ ಬರಬೇಕು. ಒಂದೊಂದು ದೇಶಕ್ಕೆ ಇಂತಿಷ್ಟೇ ಜಾಗ. ನನ್ನಂಥವನು ಹತ್ತು ಜನ್ಮ ಎತ್ತಿದರೂ ಆ ಬಾಗಿಲು ತೆರೆಯುವುದಿಲ್ಲ.

ಇದು ಹುಟ್ಟಿದ್ದು 1973ರ ಜುಲೈಯಲ್ಲಿ. ಆ ತಿಂಗಳ ಹೆಸರು ಓದಿದಾಗ ನಾನು ಒಮ್ಮೆ ನಿಂತೆ. ಅದೇ 1973ರ ಜುಲೈ 11ರಂದು ಮಂಗಳೂರಿನಲ್ಲಿ ನಮ್ಮ ಕ್ಯಾಂಪ್ಕೋ ಹುಟ್ಟಿತು. ಅಡಿಕೆಯ ದರ ಬಿದ್ದು ಬೆಳೆಗಾರರು ಕಂಗಾಲಾದ ಕಾಲ. ವಾರಣಾಶಿ ಸುಬ್ರಾಯ ಭಟ್ಟರು ಊರೂರು ತಿರುಗಿ, ಕರ್ನಾಟಕ-ಕೇರಳ ಎರಡೂ ಕಡೆಯ ಬೆಳೆಗಾರರನ್ನು ಸೇರಿಸಿ ಕಟ್ಟಿದ ಸಂಸ್ಥೆ. ಒಂದೇ ತಿಂಗಳಿನಲ್ಲಿ ಪ್ರಪಂಚದ ಎರಡು ಕಡೆ ಎರಡು ಸದಸ್ಯತ್ವ ಸುರುವಾಯಿತು. ಒಂದಕ್ಕೆ ಕರೆ ಬೇಕು. ಇನ್ನೊಂದಕ್ಕೆ ಒಂದು ಪಾಲು ಸಾಕು, ಅಡಿಕೆ ಬೆಳೆಯುವವನಾಗಿದ್ದರೆ ಆಯಿತು. ಸಹಕಾರಿಯಲ್ಲಿ ಹತ್ತು ಪಾಲು ಇದ್ದವನಿಗೂ ಒಂದು ಪಾಲು ಇದ್ದವನಿಗೂ ಒಂದೇ ಓಟು.

ಹಾಗಾದರೆ ಆ ಕಮಿಷನ್ ಪ್ರಪಂಚ ನಡೆಸುತ್ತದೆಯೇ? ನನಗೆ ಹಾಗೆ ಕಾಣುವುದಿಲ್ಲ. ಅವರ ಕೈಯಲ್ಲಿ ಸೈನ್ಯ ಇಲ್ಲ, ಕಾನೂನು ಮಾಡುವ ಅಧಿಕಾರ ಇಲ್ಲ. ವರದಿಗಳನ್ನು ಅಚ್ಚು ಹಾಕಿ ಹೊರಗೆ ಬಿಡುತ್ತಾರೆ. ಸದಸ್ಯರ ಪಟ್ಟಿ ಗುಟ್ಟಲ್ಲ. ಗುಟ್ಟು ಇರುವುದು ಸಭೆಯೊಳಗಿನ ಮಾತಿನಲ್ಲಿ ಮಾತ್ರ. ಆದರೆ ಏನೂ ಇಲ್ಲ ಅಂತ ಬಿಡುವ ಹಾಗೂ ಇಲ್ಲ. ಅದಕ್ಕೆ ಒಂದು ಉದಾಹರಣೆ ಉಂಟು, ಅದೂ ಕೃಷಿಕನದ್ದೇ.

ಜಿಮ್ಮಿ ಕಾರ್ಟರ್ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ನೆಲಗಡಲೆ ಬೆಳೆಸುತ್ತಿದ್ದವರು. ಅಲ್ಲಿನ ಗವರ್ನರ್ ಆಗಿದ್ದಾಗ 1973ರಲ್ಲಿ ಈ ಕಮಿಷನ್ನಿಗೆ ಅವರಿಗೆ ಕರೆ ಬಂತು. ಪರದೇಶದ ವ್ಯವಹಾರ ಅವರಿಗೆ ಹೆಚ್ಚು ಗೊತ್ತಿರಲಿಲ್ಲ. ಆ ಸದಸ್ಯತ್ವ ತನಗೆ ಕಲಿಯುವ ಒಳ್ಳೆಯ ಅವಕಾಶವಾಯಿತೆಂದು ಅವರೇ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. 1977ರಲ್ಲಿ ಅವರು ಅಧ್ಯಕ್ಷರಾದರು. ಉಪಾಧ್ಯಕ್ಷ ವಾಲ್ಟರ್ ಮೊಂಡೇಲ್, ವಿದೇಶಾಂಗ ನೋಡಿಕೊಂಡ ಸೈರಸ್ ವಾನ್ಸ್, ರಕ್ಷಣೆಯ ಹೆರಾಲ್ಡ್ ಬ್ರೌನ್, ಭದ್ರತಾ ಸಲಹೆಗಾರರಾದ ಅದೇ ಬ್ರೆಜಿನ್ಸ್ಕಿ, ಎಲ್ಲರೂ ಕಮಿಷನ್ನಿನ ಸದಸ್ಯರಾಗಿದ್ದವರೇ. ಇದರಲ್ಲಿ ಮಾಟ ಮಂತ್ರ ಏನಿಲ್ಲ. ಜನ ಬೇಕಾದಾಗ ಒಟ್ಟು ಕೂತು ಕಾಫಿ ಕುಡಿದವರ ಮುಖವೇ ಮೊದಲು ನೆನಪಾಗುವುದು. ನಮ್ಮಲ್ಲಿ ಮನೆಗೆ ಹುಡುಗಿ ನೋಡುವಾಗಲೂ ಹಾಗೆ ತಾನೆ?

ಕೃಷಿಕನೇ ಅಧ್ಯಕ್ಷನಾದ ಮೇಲೆ ಅಲ್ಲಿನ ಕೃಷಿಕರಿಗೆ ಸುಖವಾಯಿತೋ? ಅದೇ ಕಾರ್ಟರ್ ಕಾಲದಲ್ಲಿ, 1979ರ ಫೆಬ್ರವರಿಯಲ್ಲಿ, ಬೆಳೆಗೆ ನ್ಯಾಯವಾದ ದರ ಕೊಡಿ ಅಂತ ರೈತರು ಸಾವಿರಾರು ಟ್ರಾಕ್ಟರುಗಳನ್ನು ವಾಷಿಂಗ್ಟನ್ ನಗರಕ್ಕೆ ನುಗ್ಗಿಸಿದರು. ರಸ್ತೆ ಬಂದಾಗಿ ಪೇಟೆಯವರು ಬೈದರು. ಎರಡು ವಾರದಲ್ಲಿ ಭಾರೀ ಹಿಮ ಬಿತ್ತು. ಬೈದ ಪೇಟೆಯ ರಸ್ತೆಯನ್ನು ಬಿಡಿಸಲಿಕ್ಕೆ, ಡಾಕ್ಟರು ನರ್ಸುಗಳನ್ನು ಆಸ್ಪತ್ರೆಗೆ ಮುಟ್ಟಿಸಲಿಕ್ಕೆ ಆ ಟ್ರಾಕ್ಟರುಗಳೇ ಬೇಕಾದವು. ಮರುವರ್ಷ, 1980ರ ಜನವರಿಯಲ್ಲಿ, ರಷ್ಯಾ ಅಫ್ಘಾನಿಸ್ತಾನಕ್ಕೆ ನುಗ್ಗಿದ್ದಕ್ಕೆ ಶಿಕ್ಷೆಯೆಂದು ಕಾರ್ಟರ್ ಅಲ್ಲಿಗೆ ಧಾನ್ಯ ಮಾರುವುದನ್ನು ನಿಲ್ಲಿಸಿದರು. ಧಾನ್ಯ ಬೆಳೆದವರು ಸಿಟ್ಟಾದರು. ಮುಂದಿನ ಅಧ್ಯಕ್ಷ ರೇಗನ್ 1981ರಲ್ಲಿ ಅದನ್ನು ತೆಗೆದರು. ಇದನ್ನೆಲ್ಲ ಕಮಿಷನ್ ಮಾಡಿಸಿತು ಅಂತ ನಾನು ಹೇಳುವುದಿಲ್ಲ. ನಾನು ಹೇಳುವುದು ಇಷ್ಟೇ: ನಮ್ಮವನೊಬ್ಬ ದೊಡ್ಡವರ ಸಭೆಯಲ್ಲಿ ಕೂತ ಮಾತ್ರಕ್ಕೆ ನಮ್ಮ ಮಾತು ಅಲ್ಲಿ ಕೂತ ಹಾಗಾಗುವುದಿಲ್ಲ. ಅವನನ್ನು ಕಳಿಸಿದ್ದು ನಾವಲ್ಲ, ಕರೆದದ್ದು ಅವರು. ಲೆಕ್ಕ ಒಪ್ಪಿಸಬೇಕಾದದ್ದೂ ನಮಗಲ್ಲ.

ನಮಗೂ ಇದಕ್ಕೂ ದೂರದ ಒಂದು ಸಂಬಂಧ ಉಂಟು. ಡಂಕೆಲ್ ಪ್ರಸ್ತಾವದ ವಿರುದ್ಧ 1990ರ ದಶಕದಲ್ಲಿ ಕರ್ನಾಟಕದ ರೈತರು ಬೀದಿಗಿಳಿದದ್ದು ಹಳಬರಿಗೆ ನೆನಪಿರಬಹುದು. ಡಂಕೆಲ್ ನಂತರ ಗ್ಯಾಟ್‌ನ ಮುಖ್ಯಸ್ಥರಾಗಿ ಬಂದು 1994ರಲ್ಲಿ ಆ ಒಪ್ಪಂದವನ್ನು ದಡ ಮುಟ್ಟಿಸಿದವರು ಪೀಟರ್ ಸದರ್ಲ್ಯಾಂಡ್. ಅವರೇ 2001ರಿಂದ ಈ ಕಮಿಷನ್ನಿನ ಯುರೋಪ್ ಗುಂಪಿನ ಅಧ್ಯಕ್ಷರಾದರು. ವ್ಯಾಪಾರದ ನಿಯಮ ಬರೆದವರು, ಅದರಿಂದ ಲಾಭ ಇರುವವರು, ಅದರ ಬಗ್ಗೆ ಬರೆಯುವವರು ಒಂದೇ ಕೋಣೆಯಲ್ಲಿ ಮಾತಾಡಿಕೊಳ್ಳುತ್ತಾರೆ. ಆ ನಿಯಮದಿಂದ ಕರಿಮೆಣಸಿನ ದರ ಬಿದ್ದರೆ ಅಳುವವನು ಆ ಕೋಣೆಯಲ್ಲಿಲ್ಲ.

ಓದಿದ್ದರಲ್ಲಿ ನನ್ನನ್ನು ನಿಜವಾಗಿ ಚುಚ್ಚಿದ್ದು ಬೇರೆಯೇ. 1975ರಲ್ಲಿ ಕಮಿಷನ್ ಮೂರು ಜನ ವಿದ್ವಾಂಸರಿಂದ ಪ್ರಜಾಪ್ರಭುತ್ವದ ಬಿಕ್ಕಟ್ಟಿನ ಬಗ್ಗೆ ಒಂದು ವರದಿ ಬರೆಸಿತು. ಅಮೆರಿಕದ ಭಾಗ ಬರೆದವರು ಸ್ಯಾಮುಯೆಲ್ ಹಂಟಿಂಗ್ಟನ್. ಪ್ರಜಾಪ್ರಭುತ್ವ ಅತಿಯಾಗಿರುವುದೇ ಆಡಳಿತದ ತೊಂದರೆಗೆ ಒಂದು ಕಾರಣ, ಅದು ಸರಿಯಾಗಿ ನಡೆಯಬೇಕಾದರೆ ಕೆಲವು ಜನ, ಕೆಲವು ಗುಂಪುಗಳು ಸ್ವಲ್ಪ ನಿರಾಸಕ್ತಿಯಿಂದ ದೂರ ಇರಬೇಕಾಗುತ್ತದೆ ಎಂಬ ಅರ್ಥದ ಮಾತು ಅದರಲ್ಲಿದೆ. ಆ ವರ್ಷ ಕ್ಯೋಟೋದಲ್ಲಿ ನಡೆದ ಸಭೆಯಲ್ಲಿ ಕೆಲವು ಸದಸ್ಯರೇ ಇದನ್ನು ಒಪ್ಪಲಿಲ್ಲ. ನನಗೂ ಓದುವಾಗ ಸಿಟ್ಟು ಬಂತು. ಆಮೇಲೆ ನಾಚಿಕೆಯಾಯಿತು. ಯಾಕೆಂದರೆ ಅವರು ಬರೆದದ್ದನ್ನು ಯಾರೂ ಹೇಳಿಕೊಡದೆಯೇ ಪಾಲಿಸಿದವನು ನಾನು.

ನಾನು ಸದಸ್ಯನಾಗಿರುವ ಒಂದು ಸಂಘ ಉಂಟು. ಹೆಸರು ಬೇಡ. ನಮ್ಮ ಬೈಲಿನಲ್ಲಿ ಅದರ ಗೋದಾಮು ಇತ್ತು. ಗೊಬ್ಬರ, ಮೈಲುತುತ್ತು, ಸುಣ್ಣ ಎಲ್ಲ ಅಲ್ಲೇ ಸಿಕ್ಕುತ್ತಿತ್ತು. ಒಂದು ದಿನ ಹೋದರೆ ಬೀಗ. ಇನ್ನು 11 ಕಿಲೋಮೀಟರ್ ದೂರದ ಪೇಟೆಗೇ ಹೋಗಬೇಕು, ಒಂದು ಸಲ ಜೀಪಿಗೆ 600 ರೂಪಾಯಿ. ಕೂಗಾಡಿಕೊಂಡೇ ಸಂಘದ ಆಫೀಸಿಗೆ ಹೋದೆ. ಅಲ್ಲಿನವರು ಜೋರು ಮಾತಾಡಲಿಲ್ಲ. ನಡಾವಳಿ ಪುಸ್ತಕ ತೆಗೆದು ಮುಂದಿಟ್ಟರು. ಗೋದಾಮು ಮುಚ್ಚುವುದೆಂದು ಮಹಾಸಭೆಯಲ್ಲೇ ನಿರ್ಣಯ ಆಗಿತ್ತು. ಸದಸ್ಯರು 840. ಹಾಜರಿ 41. ಕೋರಂ ಇಲ್ಲದೆ ಅರ್ಧ ಗಂಟೆ ಮುಂದೂಡಿ, ಮತ್ತೆ ಅಲ್ಲೇ ಕೂತು ನಡೆಸಿದ ಸಭೆ. ನೋಟೀಸು ನನಗೂ ಬಂದಿತ್ತು. ಅದರ ಹಿಂಬದಿಯಲ್ಲಿ ನಾನು ಕೂಲಿಯವರ ಲೆಕ್ಕ ಬರೆದಿದ್ದೆ. ಸಭೆಯ ದಿನ ಮದುವೆಯ ಊಟಕ್ಕೆ ಹೋಗಿದ್ದೆ.

ನಮ್ಮ ಬೈಲಿನಲ್ಲೇ ನಾವು 63 ಸದಸ್ಯರಿದ್ದೇವೆ. ಎಲ್ಲ ಹೋಗಿದ್ದರೆ ಆ 41ಕ್ಕೆ ಎದುರು ನಾವೇ ಹೆಚ್ಚು. ಗೋದಾಮು ನಷ್ಟದಲ್ಲಿದ್ದದ್ದು ನಿಜ, ಆದರೆ ವಾರಕ್ಕೆ ಎರಡು ದಿನ ತೆರೆಯಿರಿ ಅಂತಲಾದರೂ ಹೇಳಬಹುದಿತ್ತು. ಹೇಳುವ ಹಕ್ಕು ನಮಗೆ ಇತ್ತು, ಬಾಯಿ ಅಲ್ಲಿರಲಿಲ್ಲ.

ಬಾಯಿ ಇದ್ದಲ್ಲಿ ಕೆಲಸ ಆದದ್ದೂ ಉಂಟು. 1986ರಲ್ಲಿ ಕ್ಯಾಂಪ್ಕೋ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆ ಸುರು ಮಾಡಿತು. ಕೊಕ್ಕೋ ಬೆಳೆದು ಕೊಳ್ಳುವವರಿಲ್ಲದೆ ಮರ ಕಡಿದವರಿಗೆ ಅದರ ಬೆಲೆ ಗೊತ್ತು. 2023ರಲ್ಲಿ ಹೊರದೇಶದ ಅಡಿಕೆಯ ಕನಿಷ್ಠ ಆಮದು ದರವನ್ನು ಕೇಂದ್ರ ಸರಕಾರ ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಬಿಡಿ ಬಿಡಿಯಾಗಿ ನೀವು ನಾನು ಕಾಗದ ಬರೆದಿದ್ದರೆ ಅದನ್ನು ಓದುವವರು ಯಾರು? ಬೆಳೆಗಾರರ ಹೆಸರಿನಲ್ಲಿ ದೆಹಲಿಯ ಬಾಗಿಲು ತಟ್ಟುವ ಸಂಸ್ಥೆಗಳು ಇರಬೇಕು. ಆ ಸಂಸ್ಥೆಗಳ ಹಿಂದೆ ನಾವು ಇರಬೇಕು.

ದೊಡ್ಡವರ ಕಮಿಷನ್ನಿನಿಂದ ಕಲಿಯಲಿಕ್ಕೂ ಉಂಟು. ಅವರು ಬರಿಗೈಯಲ್ಲಿ ಸಭೆಗೆ ಹೋಗುವುದಿಲ್ಲ, ಮೊದಲೇ ವರದಿ ಬರೆಸುತ್ತಾರೆ. ನಾವು ಜಮಾ ಖರ್ಚಿನ ಪುಸ್ತಕವನ್ನು ಸಭೆಯ ಕುರ್ಚಿಯಲ್ಲಿ ಕೂತ ಮೇಲೆ, ಊಟಕ್ಕೆ ಕರೆಯುವವರೆಗೆ ಬೀಸಣಿಗೆ ಮಾಡಿಕೊಳ್ಳುತ್ತೇವೆ. ಅವರಲ್ಲಿ ಇನ್ನೊಂದು ನಿಯಮ ಉಂಟು: ಸರಕಾರದಲ್ಲಿ ಅಧಿಕಾರದ ಹುದ್ದೆ ಹಿಡಿದವನು ಆ ಅವಧಿಗೆ ಸದಸ್ಯತ್ವ ಬಿಡಬೇಕು. ನಮ್ಮ ಸಹಕಾರಿಗಳಲ್ಲಿ ಪಕ್ಷದ ಕುರ್ಚಿ, ಸಂಘದ ಕುರ್ಚಿ ಎರಡರಲ್ಲೂ ಒಬ್ಬರೇ ಕೂರುವುದನ್ನು ಕಂಡವರು ಆ ನಿಯಮದ ಬಗ್ಗೆ ಸ್ವಲ್ಪ ಯೋಚಿಸಬಹುದು.

ಇನ್ನೂ ಒಂದು ಮಾತು. ನಾವು ಹೋಗದಿದ್ದರೆ ನಮ್ಮ ಸಂಘಗಳೂ ಮೆಲ್ಲಗೆ ಕರೆದವರ ಸಭೆಗಳೇ ಆಗುತ್ತವೆ. ಮೊದಲು ಬರುವವರು ಕಡಿಮೆ. ಆಮೇಲೆ ಬರುವವರು ಗೊತ್ತಿದ್ದವರು ಮಾತ್ರ. ಆಮೇಲೆ ಪಟ್ಟಿ ಮೊದಲೇ ತಯಾರು, ಎಲ್ಲ ಅವಿರೋಧ ಆಯ್ಕೆ. ಅಷ್ಟಾಗುವಾಗ ನ್ಯೂಯಾರ್ಕಿನ ಕೋಣೆಗೂ ನಮ್ಮ ಊರಿನ ಸಭಾಭವನಕ್ಕೂ ವ್ಯತ್ಯಾಸ ಏನು ಉಳಿಯಿತು? ಅಲ್ಲಿ ಬಾಗಿಲು ಹಾಕಿದವರು ಅವರು. ಇಲ್ಲಿ ಹಾಕಿಕೊಂಡವರು ನಾವೇ.

ಈ ವರ್ಷದ ಮಹಾಸಭೆಯ ನೋಟೀಸು ಬಂದಿದೆ. ಹಿಂಬದಿಯಲ್ಲಿ ಏನೂ ಬರೆಯದೆ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದ್ದೇನೆ. ಗೋದಾಮು ವಾರಕ್ಕೆ ಎರಡು ದಿನ ತೆರೆಯಬೇಕೆಂಬ ಕಾಗದಕ್ಕೆ 38 ಸಹಿ ಆಗಿದೆ. ಮೊಬೈಲು ಹಿಡಿದು ಬಂದ ನೆರೆಯವರದ್ದು ಮೊದಲ ಸಹಿ. ಆ ದಿನ ಬೆಳಿಗ್ಗೆ ಒಂಬತ್ತಕ್ಕೆ ಎರಡು ಜೀಪು ಹೇಳಿದ್ದೇವೆ. ಮದುವೆ ಇದ್ದವರು ಸಭೆ ಮುಗಿಸಿ ಊಟಕ್ಕೆ ಹೋದರೆ ಆಯಿತು, ಪಾಯಸ ಅಷ್ಟು ಬೇಗ ಮುಗಿಯುವುದಿಲ್ಲ.