ಸ್ವಿಚ್ ಆಫ್ ಮಾಡಿದ್ರೆ ಮುಗೀತಾ?

ಕೊಟ್ಟಿಗೆ ತೊಳೆದು, ಪ್ರೆಶರ್ ವಾಷರ್ ಆಫ್ ಮಾಡಿ ಮೂಲೆಗೆ ತಳ್ಳಿದ್ರೆ ಕೆಲಸ ಮುಗೀತು ಅಂತೀವಿ. "ಏನೂ ಆಗಲ್ಲ ಬಿಡಣ್ಣ" ಅನ್ನೋರಿಗೆ ಹೇಳ್ತೀನಿ: ಆಗುತ್ತೆ. ಮೋಟಾರ್ ನಿಂತರೂ ಪೈಪಿನಲ್ಲಿ ಒತ್ತಡ ನಿಂತಿರುತ್ತೆ. ಹೋದ ವರ್ಷ ಮೊಮ್ಮಗ ಗನ್ ಒತ್ತಿದ, ನೀರು ಕಣ್ಣಿನ ಪಕ್ಕದಲ್ಲೇ ಚಿಮ್ಮಿತು. ತಪ್ಪು ನಂದೇ.

ಆಫ್ ಮಾಡಿ, ಒಣಗಿದ ಕೈಯಲ್ಲಿ ಪ್ಲಗ್ ಕೀಳಿ, ನಲ್ಲಿ ನಿಲ್ಲಿಸಿ. ನೀರು ನಿಲ್ಲೋವರೆಗೂ ಗನ್ ಒತ್ತಿ, ಲಾಕ್ ಮಾಡಿ. ಆಮೇಲೆ ಪೈಪ್ ಬಿಚ್ಚಿ ನೀರು ಬಸಿಯಿರಿ.

ವಿದೇಶದ ವಿಡಿಯೋ ನೋಡಿ ಆ್ಯಂಟಿಫ್ರೀಜ್ ಹುಡುಕಬೇಡಿ. ಹುಣಸಮಾರನಹಳ್ಳಿಯಲ್ಲಿ ನೀರು ಹೆಪ್ಪುಗಟ್ಟಲ್ಲ. ಇಲ್ಲಿ ಪಂಪ್ ಕೆಡಿಸೋದು ಬೋರ್‌ವೆಲ್ ನೀರಿನ ಸುಣ್ಣ, ಪೈಪ್ ಕಡಿಯೋದು ಇಲಿ. ಮೆಷಿನ್ ಮಾರೋರು ಇದನ್ನ ಹೇಳಲ್ಲ. ನಾವೇ ಹೇಳ್ಕೋಬೇಕು.