ಬೆಟ್ಟ ಇಳಿದವರಿಗೆ ಕಾಣದ ಕಾರ್ಕಳ

ಮಳೆಗಾಲ ಸರಿದು ಹುಲ್ಲುಗಾವಲುಗಳ ಹಸಿರು ಇನ್ನೂ ಆರದಿರುವ ದಿನಗಳಲ್ಲಿ ಕುದುರೆಮುಖದ ಶಿಖರಗಳತ್ತ ಚಾರಣಿಗರ ದಂಡು ಹೊರಡುತ್ತದೆ. ಕುರಿಂಜಾಲು, ಗಂಗಡಿಕಲ್ಲು ಮೊದಲಾದ ಬೆಟ್ಟಗಳನ್ನು ಹತ್ತಿ ಇಳಿದವರಲ್ಲಿ ಅನೇಕರು ಮಾಳ ಘಾಟಿಯನ್ನು ದಾಟಿ, ಬಜಗೋಳಿಯ ಮಾರ್ಗವಾಗಿ, ಹೊತ್ತು ಇಳಿಯುವ ಮುನ್ನ ಕಾರ್ಕಳವನ್ನು ಸೇರುತ್ತಾರೆ. ಗೊಮ್ಮಟನ ಮುಂದೆ ಒಂದು ಛಾಯಾಚಿತ್ರ, ಚತುರ್ಮುಖ ಬಸದಿಯ ಕಂಬಗಳ ನಡುವೆ ಇನ್ನೊಂದು, ಪೇಟೆಯಲ್ಲಿ ಒಂದು ಲೋಟ ಚಹಾ. ಅಲ್ಲಿಗೆ ‘ಹಳೆಯ ಊರು ನೋಡಿದ್ದು’ ಮುಗಿಯುತ್ತದೆ. ಹಗಲೆಲ್ಲ ಬೆಟ್ಟದ ಒಂದೊಂದು ಹುಲ್ಲುಕಡ್ಡಿಯನ್ನೂ ಬೆರಗಿನಿಂದ ಕಂಡ ಕಣ್ಣುಗಳು ಬೆಟ್ಟದ ಬುಡದ ಊರನ್ನು ಅರ್ಧ ಗಂಟೆಯಲ್ಲಿ ನೋಡಿ ಮುಗಿಸುತ್ತವೆ.

ಇದನ್ನು ಕೇವಲ ಪ್ರವಾಸಿಗರ ಅವಸರವೆಂದು ತಳ್ಳಿಹಾಕುವಂತಿಲ್ಲ. ಬೆಟ್ಟವೆಂದರೆ ನಿಸರ್ಗ, ಊರೆಂದರೆ ಇತಿಹಾಸ. ಮೊದಲನೆಯದನ್ನು ಅರಣ್ಯ ಇಲಾಖೆ ಕಾಯಲಿ, ಎರಡನೆಯದನ್ನು ಪುರಾತತ್ವ ಇಲಾಖೆ ಕಾಯಲಿ, ಇವೆರಡರ ನಡುವಿನದೆಲ್ಲವೂ ಅಭಿವೃದ್ಧಿಗೆ ಮುಕ್ತವಾಗಿರಲಿ ಎಂಬ ವಿಭಜನೆ ಇದರ ಹಿಂದಿದೆ. ಚಾರಣಿಗನ ಕಣ್ಣಿನಲ್ಲಿರುವ ಈ ಗೆರೆಯೇ ಸರಕಾರದ ಕಡತಗಳಲ್ಲಿಯೂ ಇದೆ. ಕಾರ್ಕಳ ತಾಲೂಕಿನ ಗುಡ್ಡಗಳು, ಪಾದೆಗಳು, ಕೆರೆಗಳು ಇಂದು ತೆರುತ್ತಿರುವ ಬೆಲೆ ಈ ಗೆರೆಯದೇ ಫಲ.

ಘಟ್ಟದ ಮೇಲೂ ಕೆಳಗೂ ಒಂದೇ ನಾಡು

ಈ ಊರನ್ನು ಆಳಿದವರಿಗೆ ಅಂಥ ಗೆರೆ ತಿಳಿದಿರಲಿಲ್ಲ. ಚರಿತ್ರೆ ಅವರನ್ನು ಕಳಸ-ಕಾರ್ಕಳದ ಭೈರರಸರೆಂದೇ ಕರೆಯುತ್ತದೆ. ರಾಜ್ಯದ ಹೆಸರಿನಲ್ಲಿಯೇ ಘಟ್ಟದ ಮೇಲಿನ ಒಂದು ಊರೂ ಘಟ್ಟದ ಕೆಳಗಿನ ಒಂದು ಊರೂ ಜೊತೆಯಾಗಿವೆ. ಘಟ್ಟದ ಬುಡದ ಕೆರ್ವಾಶೆಯೂ ಒಂದು ಕಾಲಕ್ಕೆ ಅವರ ನೆಲೆಯಾಗಿತ್ತು. ಇಂದಿನ ಚಾರಣಿಗ ‘ನಿರ್ಜನ’ವೆಂದು ಭಾವಿಸುವ ಬೆಟ್ಟಗಳ ನಡುವಿನಿಂದಲೇ ಮೆಣಸು, ಏಲಕ್ಕಿಗಳು ಕೆಳಗಿಳಿದವು, ಉಪ್ಪು ಮೇಲೇರಿತು. ಕಾಡಿನೊಳಗಿನ ಮಲೆಕುಡಿಯ ಕುಟುಂಬಗಳು ಇಂದಿಗೂ ನಡೆಯುವ ಕಾಲುದಾರಿಗಳು ಚಾರಣದ ನಕ್ಷೆಗಳು ಹುಟ್ಟುವುದಕ್ಕೆ ಬಹಳ ಮೊದಲೇ ಇದ್ದವು.

ಕರಿಯ ಕಲ್ಲಿನ ನೆಲವಾದ್ದರಿಂದ ‘ಕರಿಕಲ್ಲು’ ಎಂಬುದೇ ಕಾರ್ಕಳವಾಯಿತೆಂದು ಹಲವರು ಹೇಳುತ್ತಾರೆ. ಹೆಸರಿನ ಮೂಲವೇನೇ ಇರಲಿ, ಊರಿನ ಮೂಲ ಕಲ್ಲೇ ಎಂಬುದರಲ್ಲಿ ಸಂದೇಹವಿಲ್ಲ. ವರ್ಷಕ್ಕೆ 4000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ ಬೋಳು ಬಂಡೆಗಳ ಮೇಲಿಂದ ಧುಮ್ಮಿಕ್ಕುತ್ತದೆ. ಹಾಗೆ ಬಂದ ನೀರನ್ನು ತಡೆದು ನಿಲ್ಲಿಸದಿದ್ದರೆ ಅದು ದಿನ ಬೆಳಗಾಗುವುದರೊಳಗೆ ಹೊಳೆ ಸೇರಿ ಕಡಲಿನ ಪಾಲಾಗುತ್ತದೆ. ಎಪ್ರಿಲ್ ತಿಂಗಳಿಗೆ ಬಾವಿ ಬರಿದಾಗುತ್ತದೆ. ಆದ್ದರಿಂದಲೇ ಇಲ್ಲಿ ಆನೆಕೆರೆ, ರಾಮಸಮುದ್ರಗಳಂಥ ವಿಶಾಲ ಕೆರೆಗಳು ಮೂಡಿದವು. ಆನೆಕೆರೆಯ ನಡುವೆ ಬಸದಿಯನ್ನು ಕಟ್ಟಿದವರು ಅದನ್ನು ನೀರಿನಿಂದ ದೂರ ಕಟ್ಟಬಹುದಾಗಿತ್ತು, ಕಟ್ಟಲಿಲ್ಲ. ನೀರು ನಿಂತಿರುವವರೆಗೆ ಮಾತ್ರ ಆ ಕಟ್ಟಡಕ್ಕೆ ಅರ್ಥವುಂಟು. ಕೆರೆಯನ್ನು ಕೆಡಿಸಿ ಬಸದಿಯೊಂದನ್ನೇ ಉಳಿಸಿಕೊಳ್ಳುವುದು ಸಾಧ್ಯವಿಲ್ಲದಂತೆ ಅವರು ಎರಡನ್ನೂ ಬೆಸೆದಿಟ್ಟರು.

ಇದೇ ನೀರಿನ ಬಳಗದ ದೊಡ್ಡ ಸದಸ್ಯೆ ಸ್ವರ್ಣಾ ನದಿ. ಘಟ್ಟದ ಇಳಿಜಾರಿನಲ್ಲಿ ಹುಟ್ಟಿ, ಕಾರ್ಕಳ ತಾಲೂಕನ್ನು ಹಾಯ್ದು, ಹಿರಿಯಡ್ಕದ ಬಳಿಯ ಬಜೆ ಅಣೆಕಟ್ಟಿನಲ್ಲಿ ನಿಂತು, ಉಡುಪಿ-ಮಣಿಪಾಲಗಳ ನಲ್ಲಿಗಳನ್ನು ತಲುಪುವವಳು ಅವಳೇ. ಕಾರ್ಕಳದ ಗುಡ್ಡವೊಂದನ್ನು ಅಗೆದಾಗ ಅದು ಕಾರ್ಕಳದವರ ಸಮಸ್ಯೆಯೆಂದು ಮಣಿಪಾಲದ ಬಹುಮಹಡಿ ಕಟ್ಟಡಗಳಲ್ಲಿರುವವರು ಭಾವಿಸಿದರೆ ಅದು ಅವರ ಅಜ್ಞಾನ.

ಬೆಟ್ಟದ ಮೇಲೆ ಇಡುವ ಎರಡು ಬಗೆ

ಕಾರ್ಕಳದ ಗೊಮ್ಮಟನ ಪ್ರತಿಷ್ಠೆ ನಡೆದುದು 1432ರ ಫೆಬ್ರವರಿ 13ರಂದು, ವೀರಪಾಂಡ್ಯ ಭೈರರಸನ ಕಾಲದಲ್ಲಿ. ಸುಮಾರು 42 ಅಡಿ ಎತ್ತರದ ಏಕಶಿಲೆ. ಶ್ರವಣಬೆಳಗೊಳದ ಮೂರ್ತಿಯನ್ನು ಬೆಟ್ಟದ ತುದಿಯ ಬಂಡೆಯಲ್ಲಿಯೇ ಕಡೆಯಲಾಯಿತು. ಕಾರ್ಕಳದ್ದು ಹಾಗಲ್ಲ; ಬೇರೆಡೆ ಕಡೆದು ಬೆಟ್ಟಕ್ಕೆ ಎಳೆದು ತಂದದ್ದು. ಆ ಸಾಗಣೆಯ ಕಥನವನ್ನು ಚಂದ್ರಮ ಕವಿ ‘ಕಾರ್ಕಳದ ಗೊಮ್ಮಟೇಶ್ವರ ಚರಿತೆ’ ಎಂಬ ಕಾವ್ಯವನ್ನಾಗಿಸಿದ್ದಾನೆ. ಎದುರಿನ ಸಣ್ಣ ಬಂಡೆಗುಡ್ಡದ ಮೇಲೆ 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ ಚತುರ್ಮುಖ ಬಸದಿಯಿದೆ. 108 ಕಂಬಗಳು, ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಬಸದಿಯ ಶಾಸನ ದೊರೆಯ ಬಿರುದುಗಳನ್ನು ಹೇಳಿ ಸುಮ್ಮನಾಗುವುದಿಲ್ಲ. ನಿತ್ಯಪೂಜೆಗೂ ನಿರ್ವಹಣೆಗೂ ಯಾವ ನೆಲದ ಹುಟ್ಟುವಳಿ ಸಲ್ಲಬೇಕೆಂಬುದನ್ನೂ ದಾಖಲಿಸುತ್ತದೆ. ಕಟ್ಟಿದ ಮರುದಿನದಿಂದ ಅದನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಕಟ್ಟುವ ಮೊದಲೇ ಉತ್ತರವಿತ್ತು.

ಈ ಕಲ್ಲಿನ ವಿದ್ಯೆ ಅಳಿದುಹೋದ ವಿದ್ಯೆಯೂ ಅಲ್ಲ. ಧರ್ಮಸ್ಥಳದಲ್ಲಿ 1982ರಲ್ಲಿ ಪ್ರತಿಷ್ಠೆಗೊಂಡ 39 ಅಡಿಯ ಬಾಹುಬಲಿಯನ್ನು ಕಡೆದದ್ದು ಇದೇ ಕಾರ್ಕಳದಲ್ಲಿ, ಶಿಲ್ಪಿ ರೆಂಜಾಳ ಗೋಪಾಲ ಶೆಣೈಯವರ ಮುಂದಾಳುತನದಲ್ಲಿ. ಮೂರ್ತಿ 1973ರಲ್ಲಿ ಇಲ್ಲಿಂದ ಹೊರಟಿತು. ಕಲ್ಲಿನ ಮುಂದೆ ವರ್ಷಗಟ್ಟಲೆ ಕುಳಿತು ಕೆಲಸ ಮಾಡುವ ತಾಳ್ಮೆ ಇಪ್ಪತ್ತನೆಯ ಶತಮಾನದಲ್ಲಿಯೂ ಈ ಊರಿನಲ್ಲಿತ್ತು.

ಇದರ ಪಕ್ಕದಲ್ಲಿ ಇತ್ತೀಚಿನ ಒಂದು ನಿರ್ಮಾಣವನ್ನು ಇಟ್ಟು ನೋಡಬೇಕು. ಕಾರ್ಕಳ ತಾಲೂಕಿನ ಬೈಲೂರಿನ ಉಮಿಕ್ಕಳ ಬೆಟ್ಟದ ಮೇಲೆ ಪರಶುರಾಮ ಥೀಮ್ ಪಾರ್ಕು 2023ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. ಕಂಚಿನದೆಂದು ಪ್ರಚಾರಗೊಂಡ 33 ಅಡಿಯ ಪ್ರತಿಮೆ ಕಂಚಿನದಲ್ಲವೆಂಬ ಆರೋಪ ಎದ್ದಿತು. ಅದೇ ವರ್ಷ ಪ್ರತಿಮೆಯ ಮೇಲ್ಭಾಗ ಬೆಟ್ಟದಿಂದ ಇಳಿಯಿತು. ಪ್ರಕರಣ ಪೊಲೀಸರನ್ನೂ ನ್ಯಾಯಾಲಯವನ್ನೂ ತಲುಪಿತು. ತಪ್ಪು ಯಾರದೆಂಬುದನ್ನು ನ್ಯಾಯಾಲಯ ನಿರ್ಣಯಿಸಲಿ. ರಾಜಕೀಯ ಪಕ್ಷಗಳು ಎರಡೂ ಕಡೆ ನಿಂತು ಲೋಹದ ಬಗ್ಗೆ ಬೇಕಾದಷ್ಟು ಕಾದಾಡಿವೆ. ಆದರೆ ಈ ಗದ್ದಲದಲ್ಲಿ ಕೇಳಲೇಬೇಕಾಗಿದ್ದ ಪ್ರಶ್ನೆಯನ್ನು ಕೇಳಿದವರು ವಿರಳ. ಪ್ರತಿಮೆ ಅಪ್ಪಟ ಕಂಚಿನದೇ ಆಗಿದ್ದರೆ ಎಲ್ಲವೂ ಸರಿಯಾಗುತ್ತಿತ್ತೇ? ಬೆಟ್ಟದ ನೆತ್ತಿಯವರೆಗೆ ವಾಹನಗಳಿಗೆ ದಾರಿ ಮಾಡಿ, ತುದಿಯನ್ನು ಕಾಂಕ್ರೀಟಿನಿಂದ ಮುಚ್ಚುವ ನಿರ್ಧಾರವನ್ನು ಯಾರು, ಯಾರನ್ನು ಕೇಳಿ ಕೈಗೊಂಡರು? ನೆತ್ತಿಯಲ್ಲಿ ಇಂಗುತ್ತಿದ್ದ ಮಳೆ ಇನ್ನು ಎಲ್ಲಿ ಇಂಗಬೇಕು?

ಗೊಮ್ಮಟನೂ ಬೆಟ್ಟದ ಮೇಲೆ ಮನುಷ್ಯ ಇಟ್ಟ ವಸ್ತುವೇ ಅಲ್ಲವೇ ಎಂದು ಥೀಮ್ ಪಾರ್ಕಿನ ಸಮರ್ಥಕರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಗೊಮ್ಮಟ ಬೆಟ್ಟವನ್ನು ಬೆಟ್ಟವಾಗಿಯೇ ಉಳಿಸಿದ. ಬೋಳು ಬಂಡೆಯ ಮೇಲೆ ಕಲ್ಲನ್ನು ನಿಲ್ಲಿಸಿದವರು ಬಂಡೆ ಏನನ್ನು ತಾಳಬಲ್ಲದೆಂದು ಅರಿತಿದ್ದರು. ದರ್ಶನಕ್ಕೆ ಬರುವವನು ಏರಿಯೇ ಬರಬೇಕೆಂದು ಬಂಡೆಯಲ್ಲಿ ಮೆಟ್ಟಿಲು ಕಡಿದರು. ಬುಡದ ಊರಿಗೆ ಕೆರೆಗಳಿದ್ದವು. ಮಸ್ತಕಾಭಿಷೇಕ ಹನ್ನೆರಡು ವರ್ಷಗಳಿಗೊಮ್ಮೆಯಂತೆ ನಡೆಯುತ್ತದೆ. ಕಳೆದ ಬಾರಿಯದು 2015ರಲ್ಲಿ ನಡೆಯಿತು. ನಡುವಿನ ವರ್ಷಗಳಲ್ಲಿ ಬೆಟ್ಟಕ್ಕೆ ವಿರಾಮವಿದೆ. ಥೀಮ್ ಪಾರ್ಕಿನ ಲೆಕ್ಕಾಚಾರದಲ್ಲಿ ವಿರಾಮವೆಂದರೆ ನಷ್ಟ. ಪ್ರತಿ ರವಿವಾರವೂ ಅದಕ್ಕೆ ಮಸ್ತಕಾಭಿಷೇಕವೇ ಆಗಬೇಕು.

ಸ್ಮಾರಕಕ್ಕೆ ಕಾಯಿದೆಯುಂಟು, ಕೇರಿಗೆ?

ಪ್ರಾಚೀನ ಸ್ಮಾರಕಗಳ 1958ರ ಕಾಯಿದೆ, ಅದರ 2010ರ ತಿದ್ದುಪಡಿಯಂತೆ ಕೇಂದ್ರ ಸರಕಾರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ. ಅದರಾಚೆಗಿನ 200 ಮೀಟರ್ ನಿಯಂತ್ರಿತ ವಲಯ. ಗೊಮ್ಮಟನಿಗೂ ಚತುರ್ಮುಖ ಬಸದಿಗೂ ಈ ರಕ್ಷಣೆ ಇದೆ. ಇರಲಿ, ಒಳ್ಳೆಯದೇ. ಆದರೆ ಅಳತೆಪಟ್ಟಿ ಮುಗಿದಲ್ಲಿ ಕಾಯಿದೆಯೂ ಮುಗಿಯುತ್ತದೆ. ಹಿರಿಯಂಗಡಿಯ ಮಾನಸ್ತಂಭವನ್ನೂ ನೇಮಿನಾಥ ಬಸದಿಯನ್ನೂ ನೋಡಬಂದವನು ‘ಹಿರಿಯಂಗಡಿ’ ಎಂಬ ಹೆಸರಿನಲ್ಲಿ ಒಂದು ಅಂಗಡಿಬೀದಿಯೇ ಅಡಗಿರುವುದನ್ನು ಗಮನಿಸಲಾರ. ಪಡುತಿರುಪತಿಯೆನಿಸಿದ ವೆಂಕಟರಮಣ ದೇವಸ್ಥಾನ, ಅನಂತಶಯನ, ಬಸದಿಗಳು, ಸಮೀಪದ ಅತ್ತೂರಿನ ಸಂತ ಲಾರೆನ್ಸರ ಬಸಿಲಿಕ, ಇವೆಲ್ಲವೂ ಒಂದು ದಿನದ ನಡಿಗೆಯ ಅಳವಿನಲ್ಲಿವೆ. ಇವುಗಳ ನಡುವಣ ಕೇರಿ, ಮುರಕಲ್ಲಿನ ಆವರಣಗೋಡೆ, ಹೆಂಚಿನ ಮನೆ, ನಾಗಬನ, ತೋಡು, ಬಾವಿಕಟ್ಟೆಗಳಿಗೆ ಯಾವ ಕಾಯಿದೆಯ ಆಸರೆಯೂ ಇಲ್ಲ. ತೋಡಿನ ಮೇಲೆ ಚಪ್ಪಡಿ ಎಳೆದು ಅಂಗಡಿ ಕಟ್ಟಿದರೆ ಅದು ಸ್ಮಾರಕದ ನಾಶವೆಂದು ಯಾವ ಇಲಾಖೆಯೂ ಬರೆದುಕೊಳ್ಳುವುದಿಲ್ಲ.

ಘಟ್ಟದ ಮೇಲಿನ ಸ್ಥಿತಿಯೂ ಬೇರೆಯಲ್ಲ. ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ದೀರ್ಘ ಹೋರಾಟದ ಬಳಿಕ, 2002ರ ಸುಪ್ರೀಂ ಕೋರ್ಟಿನ ತೀರ್ಪಿನಂತೆ, 2005ರ ಕೊನೆಗೆ ಅಲ್ಲಿಯ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತಿತು. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖವೂ ಸೇರಿತು. ಇವೆಲ್ಲ ಗೆಲುವುಗಳೇ. ಆದರೆ ಉದ್ಯಾನದ ಗಡಿಗಲ್ಲಿನಿಂದ ಕೆಳಗೆ, ಬಸದಿಯ ಬೇಲಿಯಿಂದ ಹೊರಗೆ, ಇರುವ ನೆಲವೆಲ್ಲ ಯಾರಿಗೂ ಸೇರದ ನೆಲವೆಂಬಂತೆ ಕಲ್ಲುಕೋರೆಗೂ ಬಡಾವಣೆಗೂ ಬಿಟ್ಟುಕೊಟ್ಟರೆ, ಮೇಲೊಂದು ಕೆಳಗೊಂದು ದ್ವೀಪಗಳಷ್ಟೇ ಉಳಿಯುತ್ತವೆ.

ಸಿಯೋಲಿನಿಂದ ಒಂದು ಎಚ್ಚರಿಕೆ

ಬೆಟ್ಟವನ್ನು ಆತುಕೊಂಡ ಹಳೆಯ ಕೇರಿಗಳು ಪ್ರವಾಸಿಗರ ಕೈಗೆ ಸಿಕ್ಕರೆ ಏನಾಗುತ್ತದೆಂಬುದಕ್ಕೆ ದಕ್ಷಿಣ ಕೊರಿಯದ ರಾಜಧಾನಿ ಸಿಯೋಲ್ ನಿದರ್ಶನ. ಅಲ್ಲಿಯ ಜನ ಊರಿನ ನಡುವಣ ಬೆಟ್ಟಗಳನ್ನು ಹತ್ತಿ ಇಳಿದು ಹಳೆಯ ಕೇರಿಗಳಲ್ಲಿ ಅಡ್ಡಾಡುವುದು ರೂಢಿ. ಎರಡು ಅರಮನೆಗಳ ನಡುವಿನ ಇಳಿಜಾರಿನಲ್ಲಿರುವ ಬುಕ್‌ಚೋನ್ ಎಂಬ ಕೇರಿ ಸಾಂಪ್ರದಾಯಿಕ ಹೆಂಚಿನ ಮನೆಗಳಿಗೆ ಪ್ರಸಿದ್ಧ. ಪ್ರಸಿದ್ಧಿ ಬಂದ ಮೇಲೆ ಮನೆಯೊಳಗಿದ್ದವರಿಗೆ ನೆಮ್ಮದಿ ಉಳಿಯಲಿಲ್ಲ. ಕೊನೆಗೆ ಸ್ಥಳೀಯ ಆಡಳಿತ ಮುಖ್ಯ ಓಣಿಗಳಲ್ಲಿ ಸಂಜೆ 5ರಿಂದ ಬೆಳಿಗ್ಗೆ 10ರವರೆಗೆ ಪ್ರವಾಸಿಗರ ಪ್ರವೇಶವನ್ನು ನಿರ್ಬಂಧಿಸಿತು. 2024ರ ನವೆಂಬರಿನಲ್ಲಿ ಪ್ರಾಯೋಗಿಕವಾಗಿ, 2025ರ ಮಾರ್ಚಿನಿಂದ ದಂಡ ಸಹಿತವಾಗಿ. ಅದೇ ನಗರದ ಇಹ್ವಾ ಎಂಬ ಗುಡ್ಡದ ಕೇರಿಯಲ್ಲಿ ಮೆಟ್ಟಿಲುಗಳ ಮೇಲೆ ಚಿತ್ರ ಬರೆಸಿ ಜನರನ್ನು ಆಕರ್ಷಿಸಲಾಗಿತ್ತು. ಗದ್ದಲ ತಾಳಲಾರದ ನಿವಾಸಿಗಳು 2016ರಲ್ಲಿ ಆ ಚಿತ್ರಗಳ ಮೇಲೆ ಬಣ್ಣ ಬಳಿದು ಅಳಿಸಿದರು.

ಕಾರ್ಕಳಕ್ಕೆ ಇನ್ನೂ ಆ ಗತಿ ಬಂದಿಲ್ಲ. ಬಂದ ಮೇಲೆ ದಂಡ ವಿಧಿಸುವುದಕ್ಕಿಂತ ಬರುವ ಮೊದಲೇ ನಿಯಮ ಮಾಡುವುದು ಜಾಣತನ. ಕುಮಾರಪರ್ವತದಲ್ಲಿ 2024ರ ಜನವರಿಯಲ್ಲಿ ಜನಜಂಗುಳಿಯಾದ ನಂತರವಷ್ಟೇ ಅರಣ್ಯ ಇಲಾಖೆ ಎಚ್ಚೆತ್ತು, ಚಾರಣಕ್ಕೆ ಮುಂಗಡ ನೋಂದಣಿಯನ್ನೂ ದಿನಕ್ಕೆ ಇಷ್ಟೇ ಜನರೆಂಬ ಮಿತಿಯನ್ನೂ ಬಿಗಿಗೊಳಿಸಿತು. ಬೆಟ್ಟಕ್ಕೆ ತಾಳಿಕೆಯ ಮಿತಿಯಿದೆಯೆಂದು ಒಪ್ಪಿದ ಸರಕಾರ ಊರಿಗೂ ಕೆರೆಗೂ ಅಂಥದೇ ಮಿತಿಯಿದೆಯೆಂದು ಏಕೆ ಒಪ್ಪಬಾರದು?

ಆಗಬೇಕಾದುದು

ಪ್ರವಾಸೋದ್ಯಮದಿಂದ ನಾಲ್ಕು ಜನರಿಗೆ ಉದ್ಯೋಗ ದೊರೆಯುತ್ತದೆಂಬ ವಾದವನ್ನು ಹಗುರಾಗಿ ಕಾಣುವಂತಿಲ್ಲ. ಆದರೆ ಅರ್ಧ ಗಂಟೆ ನಿಂತು ಹೋಗುವವನಿಂದ ಊರಿಗೆ ಉಳಿಯುವುದು ಪ್ಲಾಸ್ಟಿಕ್ ಬಾಟಲಿ ಮಾತ್ರ. ಎರಡು ದಿನ ತಂಗಿ, ಕಾಲ್ನಡಿಗೆಯಲ್ಲಿ ಹಿರಿಯಂಗಡಿಯಿಂದ ಆನೆಕೆರೆಗೆ, ಆನೆಕೆರೆಯಿಂದ ಗೊಮ್ಮಟಬೆಟ್ಟಕ್ಕೆ ಹೋಗುವವನು ಇಲ್ಲಿಯ ಹೋಟೆಲಿನಲ್ಲಿ ಉಣ್ಣುತ್ತಾನೆ, ಇಲ್ಲಿಯ ಕಲ್ಲುಕುಟಿಗನ ಕೆಲಸವನ್ನು ನೋಡುತ್ತಾನೆ. ಉದ್ಯೋಗ ಬೇಕೆನ್ನುವವರು ಬಯಸಬೇಕಾದುದು ಇಂಥ ಅತಿಥಿಯನ್ನು. ಅವನಿಗೆ ಥೀಮ್ ಪಾರ್ಕು ಬೇಕಾಗಿಲ್ಲ. ನೆರಳಿರುವ ದಾರಿ, ಶುದ್ಧವಾದ ಕೆರೆ ಸಾಕು.

ಆದ್ದರಿಂದ ತಾಲೂಕಿನ ಯಾವುದೇ ಬೆಟ್ಟದ ನೆತ್ತಿಯಲ್ಲಿ ಹೊಸ ನಿರ್ಮಾಣಕ್ಕೆ ಅನುಮತಿ ನೀಡುವುದನ್ನು ಸರಕಾರ ಕೈಬಿಡಬೇಕು. ಉಮಿಕ್ಕಳ ಬೆಟ್ಟದ ಯೋಜನೆಯನ್ನು ‘ಪೂರ್ಣಗೊಳಿಸುವ’ ಮಾತನಾಡುವವರು ಮೊದಲು ಆ ಬೆಟ್ಟದ ನೀರಿನ ಹರಿವಿನ ಲೆಕ್ಕವನ್ನು ಗ್ರಾಮಸಭೆಯ ಮುಂದಿಡಬೇಕು. ಪಾದೆ, ತೋಡು, ಕೆರೆ, ಬನಗಳನ್ನು ಗುರುತಿಸಿದ ನಕ್ಷೆಯೊಂದು ಸಿದ್ಧವಾಗಬೇಕು. ಪುರಸಭೆಯೂ ಪಂಚಾಯತುಗಳೂ ಕಟ್ಟಡ ಪರವಾನಿಗೆ ನೀಡುವ ಮುನ್ನ ಅದನ್ನು ನೋಡಲೇಬೇಕು. ಕುದುರೆಮುಖದ ಚಾರಣ ಶುಲ್ಕದ ಒಂದು ಪಾಲು ಘಟ್ಟದ ಬುಡದ ಗ್ರಾಮಗಳ ಕೆರೆಗಳಿಗೂ ಕಾಡಿನೊಳಗಿನ ಕುಟುಂಬಗಳ ಊರುಗಳಿಗೂ ಸಲ್ಲಬೇಕು. 1586ರಲ್ಲಿ ಒಬ್ಬ ಅರಸ ನಿರ್ವಹಣೆಗೆ ಹುಟ್ಟುವಳಿ ಗೊತ್ತುಮಾಡಬಲ್ಲವನಾಗಿದ್ದರೆ ಇಂದಿನ ಸರಕಾರಕ್ಕೆ ಅದು ಅಸಾಧ್ಯವೆನ್ನುವಂತಿಲ್ಲ.

ಚಾರಣಿಗರ ಪಾಲಿನ ಕರ್ತವ್ಯವೂ ಇದೆ. ಗಣಿಯ ವಿರುದ್ಧ ಕುದುರೆಮುಖ ಉಳಿದದ್ದು ಅದನ್ನು ಪ್ರೀತಿಸಿದ ಜನ ದನಿಯೆತ್ತಿದ್ದರಿಂದ. ಇಂದು ಅದರ ಹುಲ್ಲುಗಾವಲಿನಲ್ಲಿ ನಡೆಯುವ ಸಂತೋಷವನ್ನು ಉಣ್ಣುತ್ತಿರುವವರು ಆ ಹೋರಾಟದ ಸಾಲಗಾರರು. ಸಾಲ ತೀರಿಸುವ ಅವಕಾಶ ಘಟ್ಟದ ಕೆಳಗೆ, ಕಾರ್ಕಳದ ಓಣಿಗಳಲ್ಲಿ, ಪಂಚಾಯತಿನ ಸಭೆಗಳಲ್ಲಿ, ಆಕ್ಷೇಪಣೆ ಸಲ್ಲಿಸುವ ಕೊನೆಯ ದಿನಾಂಕಗಳಲ್ಲಿ ಅವರನ್ನು ಕಾಯುತ್ತಿದೆ. ಬೆಟ್ಟ ಹತ್ತಲು ಇರುವ ಕಾಲ್ಬಲದಲ್ಲಿ ಸ್ವಲ್ಪವನ್ನು ಅವರು ಈ ಇಳಿದಾರಿಗೂ ಉಳಿಸಿಕೊಳ್ಳಲಿ.