ಅಸ್ಥಿ ಬಿಡಿ, ಬಟ್ಟೆ ಬಿಡಬೇಡಿ



ಅಪ್ಪನ ಅಸ್ಥಿ ಬಿಡಲು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋಗಿದ್ದೆವು. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನೂ ವಿಸರ್ಜಿಸಿದ್ದ ಜಾಗ ಅದು. ಮೊಣಕಾಲುದ್ದ ನೀರಿಗಿಳಿದ ತಮ್ಮನ ಕಾಲಿಗೆ ಯಾರದೋ ಹಳೆಯ ಸೀರೆ ಸುತ್ತಿಕೊಂಡಿತು. ಸುತ್ತಲೂ ಒಡೆದ ಮಡಕೆ, ಪ್ಲಾಸ್ಟಿಕ್ ಕವರ್. ನಮ್ಮ ಮಡಕೆಯ ಬಾಯಿಗೆ ಕಟ್ಟಿದ್ದ ಬಿಳಿ ಬಟ್ಟೆಯನ್ನು ಅಮ್ಮ ಬಿಚ್ಚಿ ಸೆರಗಿನಲ್ಲಿ ಕಟ್ಟಿಕೊಂಡರು.

ಹೊಳೆಗೆ ಕಸ ಹಾಕುವುದನ್ನು 1974ರ ಜಲಮಾಲಿನ್ಯ ಕಾಯ್ದೆಯೇ ತಡೆಯುತ್ತದೆ. ತೀರ್ಥಕ್ಷೇತ್ರಗಳ ನದಿಗಳಲ್ಲಿ ಬಟ್ಟೆ ಬಿಡದಂತೆ ನೋಡಿಕೊಳ್ಳಲು 2025ರಲ್ಲಿ ರಾಜ್ಯದ ಅರಣ್ಯ ಸಚಿವರೂ ಸೂಚಿಸಿದ್ದರು. ಆದರೆ ನಾವು ಹೋದ ದಿನ ಬಟ್ಟೆ ಹಾಕಲು ಒಂದು ತೊಟ್ಟಿಯೂ ಕಣ್ಣಿಗೆ ಬೀಳಲಿಲ್ಲ. ಸಂಕಟದಲ್ಲಿ ಬಂದವರಿಗೆ ದಂಡ ಹಾಕುವ ಮೊದಲು ಮೆಟ್ಟಿಲ ಬಳಿ ತೊಟ್ಟಿ ಇಡಿ, ತಿಳಿಹೇಳಲು ಒಬ್ಬರನ್ನು ನಿಲ್ಲಿಸಿ. ‘ಬಟ್ಟೆ ನೀರಿಗೆ ಬೇಡ’ ಎಂದು ಪುರೋಹಿತರೇ ಹೇಳಿದರೆ ಆ ಹೊತ್ತಿನಲ್ಲಿ ಯಾರೂ ಮೀರುವುದಿಲ್ಲ.

– ಓದುಗ, ಮೈಸೂರು